ಘಟ್ಟದ ಮೇಲಿನ ಕಬ್ಬು, ಘಟ್ಟದ ಕೆಳಗಿನ ಕಾರ್ಬುರೇಟರ್

ಗೋವಾ ಎಂದರೆ ನಮ್ಮ ಗಡಿಭಾಗದ ರೈತರಿಗೆ, ವ್ಯಾಪಾರಸ್ಥರಿಗೆ ಮೊದಲು ಒಂದು ಮಾರುಕಟ್ಟೆ. ಬೆಳಗಾವಿಯಲ್ಲಿ ತುಂಬಿದ ಕಾಯಿಪಲ್ಲೆ ಚೋರ್ಲಾ ಘಾಟ ಇಳಿದು ಪಣಜಿ, ಮಾಪ್ಸಾ, ಮಡಗಾಂವ ಮುಟ್ಟಬೇಕು. ಈಚಿನ ವರ್ಷಗಳಲ್ಲಿ ನಮ್ಮ ಹೊಲದ ಇನ್ನೊಂದು ಬೆಳೆಗೆ ಹೊಸ ಗಿರಾಕಿ ಸಿಕ್ಕಿದೆ. ಕಬ್ಬು ಸಕ್ಕರೆಯಾಗಿ ಚಹಾದ ಕಪ್ಪಿಗೆ ಹೋಗುವುದರ ಜೊತೆಗೆ ಇಥೆನಾಲ್ ಆಗಿ ಪೆಟ್ರೋಲ್ ಟ್ಯಾಂಕಿಗೂ ಹೋಗುತ್ತಿದೆ. ಗೋವಿನಜೋಳದ ಕಥೆಯೂ ಅದೇ. ರೈತನಿಗೆ ಇದು ಒಳ್ಳೆಯ ಸುದ್ದಿ. ಆದರೆ ಗೋವಾದಲ್ಲಿ ಹಳೆಯ ಇಂಗ್ಲಿಷ್ ಕಾರು ಇಟ್ಟುಕೊಂಡವರಿಗೆ ಇದರಿಂದ ಸ್ವಲ್ಪ ತಲೆನೋವು ಶುರುವಾಗಿದೆ.

ಯಾವ ಕಾರು ಅಂತೀರಾ? ಎಂ.ಜಿ., ಟ್ರಯಂಫ್‌ನಂಥ ಎರಡೇ ಸೀಟಿನ, ಮೇಲೆ ಛತ್ತು ಇಲ್ಲದ, ನೆಲಕ್ಕೆ ತಾಗುವಂತೆ ಓಡುವ ಸ್ಪೋರ್ಟ್ಸ್ ಕಾರು. ಇಂದು ಷೋರೂಮಿನಲ್ಲಿ ಎಂ.ಜಿ. ಹೆಸರಿನಲ್ಲಿ ಸಿಗುವ ಗಾಡಿಗಳ ಮಾತಲ್ಲ ಇದು. ಅವುಗಳ ಹೆಸರು ಇಂಗ್ಲೆಂಡಿನದು, ಕಂಪನಿ ಚೀನಾದ ಪಾಲುದಾರಿಕೆಯದು. ಹಳೆಯ ಎಂ.ಜಿ. ತಯಾರಾಗುತ್ತಿದ್ದುದು ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್‌ನಲ್ಲಿ. ಆ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಎಂ.ಜಿ.ಬಿ. ಎಂಬ ಒಂದೇ ಮಾದರಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಹಾಗಾಗಿ ಜಗತ್ತಿನಲ್ಲಿ ಇನ್ನೂ ಸಾವಿರಾರು ಉಳಿದಿವೆ. ಗೋವಾದಲ್ಲಿ ಪೋರ್ಚುಗೀಸರ ಆಡಳಿತ 1961ರ ಡಿಸೆಂಬರ್‌ನಲ್ಲಿ ಮುಗಿಯುವವರೆಗೂ ಪರದೇಶದ ಗಾಡಿಗಳು ಧಾರಾಳವಾಗಿ ಇಳಿಯುತ್ತಿದ್ದವು. ಹಳೆಯ ಗಾಡಿಗಳ ಮೋಹ ಅಲ್ಲಿ ಇಂದಿಗೂ ಬಿಟ್ಟಿಲ್ಲ.

ಅದಕ್ಕೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು.

ಅಂಬಾಸಡರ್‌ನ ಅಣ್ಣತಮ್ಮ

ಕಾರವಾರ, ಬೆಳಗಾವಿ, ಹುಬ್ಬಳ್ಳಿಯ ಸ್ಟ್ಯಾಂಡುಗಳಲ್ಲಿ ದಶಕಗಳ ಕಾಲ ನಿಂತಿದ್ದ ಅಂಬಾಸಡರ್ ಟ್ಯಾಕ್ಸಿ ನೆನಪಿದೆಯಲ್ಲ? ಅದರ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ ಸೀರೀಸ್’ ಮನೆತನದ್ದು. 1955ರಲ್ಲಿ ಬಂದ ಎಂ.ಜಿ.ಎ. ಸ್ಪೋರ್ಟ್ಸ್ ಕಾರಿನಲ್ಲಿ ಇದ್ದುದೂ ಅದೇ 1489 ಸಿ.ಸಿ. ಬಿ ಸೀರೀಸ್. ಅದನ್ನೇ 1798 ಸಿ.ಸಿ.ಗೆ ಹಿಗ್ಗಿಸಿ ಎಂ.ಜಿ.ಬಿ.ಗೆ ಹಾಕಿದರು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಹಾಗೆಯೇ. ಅದರ ಚಾಸಿಯನ್ನು ಗಿಡ್ಡ ಮಾಡಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಕಟ್ಟಿದರು.

ಒಂದೇ ಮನೆತನದ ಎಂಜಿನ್ ಅಂಬಾಸಡರ್‌ನಲ್ಲಿ ಸುಮಾರು 50 ಅಶ್ವಶಕ್ತಿ ಕೊಡುತ್ತಿದ್ದರೆ ಎಂ.ಜಿ.ಎ.ಯಲ್ಲಿ ಸುಮಾರು 70 ಕೊಡುತ್ತಿತ್ತು. ಕ್ಯಾಮ್ ಬೇರೆ, ಕಂಪ್ರೆಶನ್ ಹೆಚ್ಚು ಎಂಬುದು ಒಂದು ಕಾರಣ. ಒಂದರ ಬದಲು ಎರಡು ಕಾರ್ಬುರೇಟರ್ ಇದ್ದುದು ಇನ್ನೊಂದು ಕಾರಣ. ಅಂಬಾಸಡರ್ ಬಿಚ್ಚಿ ಕಟ್ಟಿದ ನಮ್ಮ ಕಡೆಯ ಮಿಸ್ತ್ರಿಗೆ ಎಂ.ಜಿ.ಯ ಬಾನೆಟ್ ಎತ್ತಿದರೆ ಪರಕೀಯ ಅನಿಸುವುದಿಲ್ಲ. ‘ಇದು ನಮ್ಮದ ಐತಲ್ರಿ’ ಅನ್ನುವಷ್ಟು ಪರಿಚಯದ ಮುಖ ಅದು.

ಚಪ್ಪಲಿ ಅಂಗಡಿಯಿಂದ ಬಂದ ಕಾರ್ಬುರೇಟರ್

ಈ ಕಾರುಗಳ ಮೂಲ ಕಾರ್ಬುರೇಟರ್‌ಗೆ ಎಸ್.ಯು. ಎಂದು ಹೆಸರು. ಸ್ಕಿನ್ನರ್ಸ್ ಯೂನಿಯನ್ ಎಂಬುದರ ಗಿಡ್ಡ ರೂಪ ಅದು. ಸ್ಕಿನ್ನರ್ ಮನೆತನದವರು ಲಂಡನ್ನಿನಲ್ಲಿ ಬೂಟು, ಪಾದರಕ್ಷೆ ವ್ಯಾಪಾರದವರು. 1900ರ ನಂತರದ ಮೊದಲ ದಶಕದಲ್ಲಿ ಆ ಮನೆಯ ಹುಡುಗರು ಈ ಕಾರ್ಬುರೇಟರ್ ರೂಪಿಸಿದಾಗ ಅದರೊಳಗೆ ಚರ್ಮದ ತಿದಿಯನ್ನೇ ಬಳಸಿದ್ದರು. ಮುಂದೆ ಚರ್ಮದ ಜಾಗಕ್ಕೆ ಲೋಹದ ಪಿಸ್ಟನ್ ಬಂತು.

ಕೆಲಸ ಮಾಡುವ ರೀತಿ ಸರಳ. ಮೇಲೆ ಗಂಟೆಯಂಥ ಒಂದು ಡಬ್ಬಿ. ಅದರೊಳಗೆ ಏರಿಳಿಯುವ ಪಿಸ್ಟನ್. ಪಿಸ್ಟನ್ನಿನ ಕೆಳಗೆ ತುದಿ ಸಣ್ಣಗಾಗುತ್ತ ಹೋಗುವ ಒಂದು ಸೂಜಿ. ಆ ಸೂಜಿ ಪೆಟ್ರೋಲ್ ಬರುವ ಜೆಟ್ಟಿನ ತೂತಿನೊಳಗೆ ಇಳಿಬಿದ್ದಿರುತ್ತದೆ. ಎಂಜಿನ್ ಹೆಚ್ಚು ಗಾಳಿ ಎಳೆದಂತೆ ಪಿಸ್ಟನ್ ಮೇಲೇರುತ್ತದೆ, ಸೂಜಿಯೂ ಏರುತ್ತದೆ, ತೂತು ಅಗಲವಾಗಿ ಪೆಟ್ರೋಲ್ ಹೆಚ್ಚು ಬರುತ್ತದೆ. ಗಾಳಿ ಕಡಿಮೆಯಾದರೆ ಎಲ್ಲ ಇಳಿಯುತ್ತದೆ. ಬೇರೆ ಬೇರೆ ವೇಗಕ್ಕೆ ಬೇರೆ ಬೇರೆ ಜೆಟ್ಟು ಇಲ್ಲ. ಇರುವುದು ಒಂದು ಸೂಜಿ, ಒಂದು ಜೆಟ್ಟು. ಅದಕ್ಕೇ ಇದನ್ನು ರಸ್ತೆ ಬದಿಯಲ್ಲಿ ಒಂದು ಪಾನಾ, ಒಂದು ಸ್ಕ್ರೂಡ್ರೈವರ್ ಹಿಡಿದು ಸರಿಮಾಡಬಹುದು.

ವೆಬರ್ ಹಾಕಿಸೋಣವೇ?

ಹಳೆಯ ಗಾಡಿ ಮಿಸ್ಸಿಂಗ್ ಹೊಡೆಯಲು ಶುರುಮಾಡಿದರೆ ಮಾಲೀಕರಿಗೆ ಮೊದಲು ಬರುವ ಯೋಚನೆ, ಎಸ್.ಯು. ಕಿತ್ತು ಹಾಕಿ ವೆಬರ್ ಕೂಡಿಸೋಣ ಎಂಬುದು. ಇಟಲಿಯ ಬೊಲೊನ್ಯಾದ ವೆಬರ್ ಕಾರ್ಬುರೇಟರ್‌ಗೆ ರೇಸಿನ ಹೆಸರಿದೆ. ಅದರ 45 ಡಿ.ಸಿ.ಒ.ಇ. ಎಂಬ ಅಡ್ಡ ಮಲಗಿದ ಕಾರ್ಬುರೇಟರ್ ಕೂಡಿಸಿದರೆ ಪೂರ್ತಿ ಎಕ್ಸಲೇಟರ್ ಒತ್ತಿದಾಗ ಪಿಕಪ್ ಸಿಗುತ್ತದೆ, ಸದ್ದೂ ಜೋರಾಗುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. ವೆಬರ್‌ನಲ್ಲಿ ಚೋಕ್ ನಳಿಗೆ, ಮೇನ್ ಜೆಟ್, ಏರ್ ಜೆಟ್, ಎಮಲ್ಷನ್ ಟ್ಯೂಬ್, ಐಡಲ್ ಜೆಟ್ ಎಲ್ಲವೂ ಬೇರೆ ಬೇರೆ ಸೈಜಿನಲ್ಲಿ ಬರುತ್ತವೆ. ನಿಮ್ಮ ಎಂಜಿನ್ನಿಗೆ ಯಾವುದು ಹೊಂದುತ್ತದೆ ಎಂದು ತಿಳಿಯಲು ಒಂದು ಡಬ್ಬಿ ತುಂಬ ಜೆಟ್ಟು ಬೇಕು, ಅಳೆಯುವ ಉಪಕರಣ ಬೇಕು, ಬಲ್ಲವರೂ ಬೇಕು. ಮ್ಯಾನಿಫೋಲ್ಡ್ ಬೇರೆ ತರಿಸಬೇಕು. ಬಿ ಸೀರೀಸ್ ಎಂಜಿನ್ನಿಗೆ ಒಳಗೆ ಎರಡೆರಡು ಸಿಲಿಂಡರಿಗೆ ಒಂದೊಂದೇ ಗಾಳಿದಾರಿ ಇರುವುದರಿಂದ ವೆಬರ್‌ನ ಪೂರ್ತಿ ಲಾಭವೂ ಸಿಗುವುದಿಲ್ಲ. ಎಸ್.ಯು.ನ ಬಿಡಿಭಾಗಗಳಾದರೋ ಇಂಗ್ಲೆಂಡಿನ ಸಾಲ್ಸ್‌ಬರಿಯ ಬರ್ಲೆನ್ ಕಂಪನಿಯಿಂದ ಇಂದಿಗೂ ಹೊಸದಾಗಿ ತಯಾರಾಗಿ ಬರುತ್ತವೆ.

ಇನ್ನೊಂದು ಮಾತು ಕಾನೂನಿನದು. 50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿ ನಿಯಮ ಮಾಡಿತು. ನಂಬರ್ ಪ್ಲೇಟಿನಲ್ಲಿ ‘ವಿ.ಎ.’ ಎಂಬ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಎಂದು ಆಗ ಶುಲ್ಕ ಗೊತ್ತುಮಾಡಿದರು. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಶರತ್ತು. ಕಾರ್ಬುರೇಟರ್ ಹೆಸರನ್ನು ನಿಯಮ ಹೇಳಿಲ್ಲ, ನಿಜ. ಆದರೆ ಮೂಲ ವಸ್ತು ಉಳಿಸಿಕೊಂಡವರಿಗೆ ತಕರಾರು ಕಡಿಮೆ, ಮಾರುವಾಗ ಬೆಲೆ ಹೆಚ್ಚು. ರೇಸ್ ಓಡಿಸುವವರಿಗೆ ವೆಬರ್ ಸರಿ. ರವಿವಾರ ಮಿರಾಮಾರ್‌ಗೆ ಹೋಗಿ ಬರುವವರಿಗೆ ಇದ್ದ ಎಸ್.ಯು.ವನ್ನೇ ಸರಿಮಾಡಿಸಿಕೊಳ್ಳುವುದು ಲೇಸು.

ಪೆಟ್ರೋಲ್ ಬದಲಾಗಿದೆ, ಗಾಡಿಗೆ ಗೊತ್ತಿಲ್ಲ

ಈಗ ಮುಖ್ಯ ಮಾತಿಗೆ ಬರೋಣ. ದೇಶದ ಪೆಟ್ರೋಲಿನಲ್ಲಿ ಶೇ. 10 ಇಥೆನಾಲ್ ಬೆರೆಸುವ ಗುರಿ 2022ರ ಜೂನ್‌ನಲ್ಲಿ ಮುಟ್ಟಿತು. ಶೇ. 20 ಬೆರೆಸಿದ ಇ-20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. 2025ರಲ್ಲಿ ದೇಶದ ಸರಾಸರಿ ಬೆರಕೆ ಶೇ. 20ಕ್ಕೆ ಬಂದಿತು.

ಇಥೆನಾಲ್ ಕೆಟ್ಟದ್ದೇನಲ್ಲ. ಅದರ ಆಕ್ಟೇನ್ ಹೆಚ್ಚು, ಎಂಜಿನ್ ನಾಕಿಂಗ್ ಕಡಿಮೆ. ಆದರೆ ಅದರ ಹಸಿವು ಬೇರೆ. ಶುದ್ಧ ಪೆಟ್ರೋಲ್ 1 ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇಥೆನಾಲಿಗೆ ಸುಮಾರು 9 ಕಿಲೋ ಸಾಕು. ಇ-20ಕ್ಕೆ ಲೆಕ್ಕ ಹಾಕಿದರೆ ಸುಮಾರು 13.5 ಕಿಲೋ. ಅಂದರೆ ಅಷ್ಟೇ ಗಾಳಿಗೆ ಇ-20 ಅಳತೆಯಲ್ಲಿ ಸುಮಾರು ಶೇ. 7ರಿಂದ 8ರಷ್ಟು ಹೆಚ್ಚು ಹೋಗಬೇಕು.

ಹೊಸ ಗಾಡಿಯಲ್ಲಿ ಸೆನ್ಸರ್ ಇದೆ, ಕಂಪ್ಯೂಟರ್ ಇದೆ. ಹೊಗೆಯನ್ನು ಮೂಸಿ ನೋಡಿ ಪೆಟ್ರೋಲ್ ಹೆಚ್ಚು ಬಿಡುತ್ತದೆ. 60 ವರ್ಷದ ಹಿಂದಿನ ಕಾರ್ಬುರೇಟರ್‌ಗೆ ಆ ಬುದ್ಧಿ ಇಲ್ಲ. ಅಂದು ತೂತು ಎಷ್ಟಿತ್ತೋ ಅಷ್ಟೇ ಬಿಡುತ್ತದೆ. ಪರಿಣಾಮ, ಮಿಕ್ಸ್ಚರ್ ಲೀನ್ ಆಗುತ್ತದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಎಕ್ಸಲೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ಸುಮ್ಮನಾಗುತ್ತದೆ, ಕಾರ್ಬುರೇಟರ್ ಬಾಯಲ್ಲಿ ಪಟಾಕಿ ಹೊಡೆದಂತೆ ಸದ್ದಾಗುತ್ತದೆ, ಎಂಜಿನ್ ಕಾಯುತ್ತದೆ. ಬಹಳ ದಿನ ಹಾಗೇ ಓಡಿಸಿದರೆ ವಾಲ್ವು ಸುಡುತ್ತದೆ. ಆಗ ಖರ್ಚು ಸಾವಿರದ ಲೆಕ್ಕದಲ್ಲಿ ಮುಗಿಯುವುದಿಲ್ಲ.

ಅವರೇಜ್ ಕಡಿಮೆಯಾಗುತ್ತದೆಯೇ ಎಂದು ಕೇಳುವವರಿಗೆ ಉತ್ತರ: ಹೌದು. ಇಥೆನಾಲ್ ಬೆರೆಸದ ಪೆಟ್ರೋಲಿಗೆ ರೂಪಿಸಿ ಇ-10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ-20ರಿಂದ ಶೇ. 6ರಿಂದ 7ರಷ್ಟು ಮೈಲೇಜ್ ಇಳಿಯುತ್ತದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು.

ಬೆಳಗಾವಿಯ ಟ್ಯೂನಿಂಗ್ ಪಣಜಿಗೆ ಹೊಂದದು

ಪೆಟ್ರೋಲಿನ ಜೊತೆಗೆ ಗಾಳಿಯ ಲೆಕ್ಕವೂ ಉಂಟು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪಣಜಿ ಸಮುದ್ರದ ದಂಡೆಯಲ್ಲೇ ಇದೆ. ಬೆಳಗಾವಿಯ ಗಾಳಿ ಪಣಜಿಯ ಗಾಳಿಗಿಂತ ಸುಮಾರು ಶೇ. 7ರಷ್ಟು ತೆಳು. ಎಸ್.ಯು. ಪಿಸ್ಟನ್ ಇದನ್ನು ಅರ್ಧದಷ್ಟು ತಾನೇ ಹೊಂದಿಸಿಕೊಳ್ಳುತ್ತದೆ, ಪೂರ್ತಿ ಅಲ್ಲ.

ನಮ್ಮ ಕಡೆಯವರು ಮರೆಯುವುದು ಇಲ್ಲಿಯೇ. ಬೆಳಗಾವಿಯ ಗ್ಯಾರೇಜಿನಲ್ಲಿ ಚೊಕ್ಕವಾಗಿ ಟ್ಯೂನ್ ಆದ ಗಾಡಿ ಚೋರ್ಲಾ ಇಳಿದ ಕೂಡಲೇ ಲೀನ್ ಆಗುತ್ತದೆ. ಅದರ ಮೇಲೆ ಇ-20 ತುಂಬಿಸಿದರೆ ಕೇಳುವುದೇ ಬೇಡ. ಪಣಜಿಯಲ್ಲಿ ಟ್ಯೂನ್ ಆದದ್ದು ಘಟ್ಟ ಹತ್ತಿದರೆ ಸ್ವಲ್ಪ ರಿಚ್ ಆಗುತ್ತದೆ, ಪ್ಲಗ್ಗು ಕರಿ ಹಿಡಿಯಬಹುದು. ಎರಡರಲ್ಲಿ ರಿಚ್ ಆಗುವುದು ಕಡಿಮೆ ಅಪಾಯದ್ದು. ಆದ್ದರಿಂದ ಗಾಡಿ ಹೆಚ್ಚು ಓಡುವ ಊರಿನಲ್ಲಿ, ಅಲ್ಲಿನ ಬಂಕಿನ ಪೆಟ್ರೋಲ್ ತುಂಬಿಸಿ ಟ್ಯೂನ್ ಮಾಡಿಸಬೇಕು. ಗೋವಾದ ಗಾಡಿಗೆ ಗೋವಾದಲ್ಲೇ ಟ್ಯೂನಿಂಗ್ ಆಗಬೇಕು.

ಟ್ಯೂನಿಂಗ್: ಮೊದಲು ಬೇರೆಯದನ್ನು ನೋಡಿ

ಹಳೆಯ ಮಿಸ್ತ್ರಿಗಳಲ್ಲಿ ಒಂದು ಮಾತಿದೆ: ಕಾರ್ಬುರೇಟರ್ ಕೆಟ್ಟಿದೆ ಅನ್ನುವ ಗಾಡಿಗಳಲ್ಲಿ ಹೆಚ್ಚಿನವುಗಳಲ್ಲಿ ಕೆಟ್ಟಿರುವುದು ಇಗ್ನಿಷನ್. ಆದ್ದರಿಂದ ಪಾನಾ ಹಿಡಿಯುವ ಮೊದಲು ವಾಲ್ವಿನ ಸಂದು, ಪಾಯಿಂಟಿನ ಸಂದು, ಟೈಮಿಂಗ್, ಪ್ಲಗ್ಗು, ಏರ್ ಫಿಲ್ಟರ್ ನೋಡಬೇಕು. ಎಂ.ಜಿ.ಬಿ.ಯಲ್ಲಿ ವಾಲ್ವಿಗೂ ಪಾಯಿಂಟಿಗೂ ಸಂದು ಸುಮಾರು 15 ಥೌ, ಅಂದರೆ 0.38 ಮಿ.ಮೀ. ಮ್ಯಾನಿಫೋಲ್ಡ್ ಪ್ಯಾಕಿಂಗಿನಲ್ಲಿ ಗಾಳಿ ಸೋರುತ್ತಿದ್ದರೆ, ಥ್ರಾಟಲ್ ದಂಡ ಸವೆದು ಅಲುಗಾಡುತ್ತಿದ್ದರೆ ಎಷ್ಟು ತಿರುಗಿಸಿದರೂ ಐಡ್ಲಿಂಗ್ ನಿಲ್ಲುವುದಿಲ್ಲ.

ಆಮೇಲೆ ಮೇಲಿನ ಗಂಟೆ ಡಬ್ಬಿ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಒಣಗಿಸಬೇಕು. ಡಬ್ಬಿಯ ಒಳಗೋಡೆಗೆ ಎಣ್ಣೆ ಹಚ್ಚಕೂಡದು. ಒಂದು ಕಾರ್ಬುರೇಟರಿನ ಪಿಸ್ಟನ್ ಇನ್ನೊಂದಕ್ಕೆ ಹಾಕಕೂಡದು, ಅವು ಜೋಡಿಯಾಗಿ ಕೂಡಿಸಿದವು. ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಎಂದು ಕೆಳಗೆ ಕೂಡಬೇಕು. ಕೂಡದಿದ್ದರೆ ಜೆಟ್ಟು ಸೂಜಿಗೆ ಉಜ್ಜುತ್ತಿದೆ ಎಂದರ್ಥ. ಮಧ್ಯದ ಡ್ಯಾಂಪರಿನಲ್ಲಿ ಎಣ್ಣೆ ಇರಬೇಕು. 20 ನಂಬರ್ ತೆಳು ಎಣ್ಣೆ ಉತ್ತಮ, ಸಿಗದಿದ್ದರೆ 20ಡಬ್ಲ್ಯು-50 ಎಂಜಿನ್ ಆಯಿಲ್ ನಡೆಯುತ್ತದೆ. ಎಣ್ಣೆ ಒಣಗಿದ್ದರೆ ಎಕ್ಸಲೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ. ಎಷ್ಟೋ ಮಂದಿ ಈ ಎರಡು ಚಮಚ ಎಣ್ಣೆ ಮರೆತು ದೊಡ್ಡ ರಿಪೇರಿಗೆ ದುಡ್ಡು ಸುರಿದಿದ್ದಾರೆ.

ಎರಡು ಕಾರ್ಬುರೇಟರ್ ಇದ್ದಲ್ಲಿ ಎರಡೂ ಸಮನಾಗಿ ಉಸಿರಾಡಬೇಕು. ಜೋಡಿ ಎತ್ತುಗಳಿದ್ದಂತೆ, ಒಂದು ಎಳೆದು ಒಂದು ಸುಮ್ಮನೆ ನಡೆದರೆ ನೇಗಿಲು ಸೊಟ್ಟ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಎರಡನ್ನೂ ಕೂಡಿಸುವ ದಂಡದ ಕ್ಲಾಂಪ್ ಸಡಿಲಿಸಿ, ಒಂದು ರಬ್ಬರ್ ನಳಿಗೆಯ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಗೆ ಹಿಡಿಯಿರಿ. ‘ಹಿಸ್’ ಎಂಬ ಸದ್ದು ಎರಡರಲ್ಲೂ ಒಂದೇ ಬರುವಂತೆ ಐಡಲ್ ಸ್ಕ್ರೂ ತಿರುಗಿಸಿ. ಇದಕ್ಕೆ ಮೀಟರ್ ಸಿಗುತ್ತದೆ, ಆದರೆ ಕಿವಿ ಸೂಕ್ಷ್ಮ ಇದ್ದವರಿಗೆ ನಳಿಗೆಯೇ ಸಾಕು.

ನಂತರ ಮಿಕ್ಸ್ಚರ್. ಎಂ.ಜಿ.ಬಿ.ಯ ಹಳೆಯ ಎಚ್.ಎಸ್.-4 ಮಾದರಿಯಲ್ಲಿ ಕೆಳಗೆ ಆರು ಮುಖದ ನಟ್ಟು ಇರುತ್ತದೆ. ಅದನ್ನು ಕೆಳಗಿಳಿಸಿದರೆ ಜೆಟ್ಟು ಇಳಿದು ಪೆಟ್ರೋಲ್ ಹೆಚ್ಚು, ಮೇಲೇರಿಸಿದರೆ ಕಡಿಮೆ. ಜೆಟ್ಟನ್ನು ಮಟ್ಟಕ್ಕೆ ತಂದು ಅಲ್ಲಿಂದ 12 ಮುಖ, ಅಂದರೆ ಎರಡು ಪೂರ್ತಿ ಸುತ್ತು ಇಳಿಸುವುದು ಮೊದಲ ಅಂದಾಜು. ಆಮೇಲೆ ಒಂದೊಂದೇ ಮುಖ ತಿರುಗಿಸಿ ಪರೀಕ್ಷೆ. ಕಾರ್ಬುರೇಟರ್ ಪಕ್ಕದ ಪುಟ್ಟ ಪಿನ್ನಿನಿಂದ ಪಿಸ್ಟನ್ನನ್ನು ಕೂದಲೆಳೆಯಷ್ಟು, 1 ಮಿ.ಮೀ.ಗಿಂತ ಕಡಿಮೆ ಎತ್ತಿ ನೋಡಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ರಿಚ್. ನಿಂತುಹೋಗುವಂತಾದರೆ ಲೀನ್. ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿ. ಎರಡೂ ಕಾರ್ಬುರೇಟರ್ ಸರಿಬಂದ ಮೇಲೆ ಕ್ಲಾಂಪ್ ಬಿಗಿದು, 10-15 ಕಿಲೋಮೀಟರ್ ಓಡಿಸಿ ಪ್ಲಗ್ಗು ಬಿಚ್ಚಿ ನೋಡಬೇಕು. ಬಿಸ್ಕಿಟ್ ಬಣ್ಣ ಒಳ್ಳೆಯದು. ಮಸಿ ಕಪ್ಪು ರಿಚ್‌ನ ಲಕ್ಷಣ, ಸುಣ್ಣದ ಬಿಳುಪು ಲೀನ್‌ನ ಲಕ್ಷಣ.

ಇ-20 ಹಾಕುವ ಗಾಡಿಯಲ್ಲಿ ನಟ್ಟು ಇಳಿಸಿದರೆ ಐಡ್ಲಿಂಗ್ ಸರಿಬರುತ್ತದೆ. ಆದರೆ ಹೈವೇ ವೇಗದಲ್ಲಿ ಇನ್ನೂ ಲೀನ್ ಉಳಿಯಬಹುದು. ಆಗ ಸೂಜಿಯನ್ನೇ ಒಂದು ಹೆಜ್ಜೆ ರಿಚ್ ಇರುವುದಕ್ಕೆ ಬದಲಿಸಬೇಕು. ಸೂಜಿಯ ತಲೆಯ ಮೇಲೆ ಅಕ್ಷರ ಇಲ್ಲವೆ ನಂಬರ್ ಕೊರೆದಿರುತ್ತದೆ. ಬದಲಿಸುವಾಗ ಎರಡರಲ್ಲೂ ಒಂದೇ ನಂಬರ್ ಇರಬೇಕು.

ಮಳೆಗಾಲ ಮತ್ತು ಬೆಂಕಿಯ ಭಯ

ಇಥೆನಾಲಿಗೆ ನೀರು ಎಂದರೆ ಪ್ರೀತಿ. ಗೋವಾದ ಮಳೆಗಾಲದ ಗಾಳಿ ಹಿಂಡಿದರೆ ನೀರು ಸುರಿಯುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಅರ್ಧ ಟ್ಯಾಂಕಿನೊಂದಿಗೆ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ಪೆಟ್ರೋಲ್ ತೇವ ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಇಥೆನಾಲ್ ನೀರಿನ ಜೊತೆ ಕೂಡಿ ಟ್ಯಾಂಕಿನ ತಳಕ್ಕಿಳಿಯುತ್ತದೆ. ಟ್ಯಾಂಕು ತುಕ್ಕು, ಕಾರ್ಬುರೇಟರಿನ ಬಟ್ಟಲಿನಲ್ಲಿ ಬಿಳಿ ಪುಡಿ. ಆದ್ದರಿಂದ ಮಳೆಗಾಲಕ್ಕೆ ನಿಲ್ಲಿಸುವ ಮೊದಲು ಬಟ್ಟಲು ಖಾಲಿ ಮಾಡಿ. ಟ್ಯಾಂಕನ್ನು ಪೂರ್ತಿ ತುಂಬಿ, ಇಲ್ಲವೆ ಪೂರ್ತಿ ಬರಿದು ಮಾಡಿ.

ಅದಕ್ಕಿಂತ ದೊಡ್ಡ ಮಾತು ರಬ್ಬರಿನದು. ಹಳೆಯ ರಬ್ಬರ್ ಪೈಪು, ಕಾರ್ಕ್ ವಾಷರ್ ಇಥೆನಾಲಿಗೆ ತಾಳುವುದಿಲ್ಲ. ಉಬ್ಬುತ್ತವೆ, ಬಿರಿಯುತ್ತವೆ, ಸೋರುತ್ತವೆ. ಬಿ ಸೀರೀಸ್ ಎಂಜಿನ್ನಿನಲ್ಲಿ ಕಾರ್ಬುರೇಟರ್ ಕೂಡುವುದು ಸೈಲೆನ್ಸರ್ ಮ್ಯಾನಿಫೋಲ್ಡಿನ ಮೇಲ್ಗಡೆಯೇ. ಮೇಲೆ ಸೋರಿದ ಪೆಟ್ರೋಲ್ ಕೆಳಗೆ ಕಾದ ಕಬ್ಬಿಣದ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ ಟ್ಯೂನಿಂಗಿಗಿಂತ ಮೊದಲು ಮಾಡಬೇಕಾದ ಖರ್ಚು, ಇಥೆನಾಲ್ ತಾಳುವ ಹೊಸ ಪೈಪಿನದು. ಜೆ-30 ಆರ್-9 ಎಂದು ಪೈಪಿನ ಮೇಲೆ ಅಚ್ಚಾಗಿರುವುದನ್ನು ನೋಡಿ ತನ್ನಿ. ಮಧ್ಯದ ಶಾಖ ತಡೆಯುವ ತಗಡನ್ನು ಕಿತ್ತು ಹಾಕಬೇಡಿ. ಪೆಟ್ರೋಲ್ ಪಂಪ್ ಬದಲಿಸುವುದಾದರೆ 3 ಪಿ.ಎಸ್.ಐ. ಒತ್ತಡ ಮೀರದಂಥದ್ದು ಹಾಕಿ, ಇಲ್ಲದಿದ್ದರೆ ಬಟ್ಟಲು ತುಂಬಿ ಹರಿಯುತ್ತದೆ. ಗಾಡಿಯಲ್ಲಿ ಬೆಂಕಿ ನಂದಿಸುವ ಒಂದು ಸಿಲಿಂಡರ್ ಇಡಿ. ಮೊದಲ ಸಲ ಇ-20 ಹಾಕಿದ ಮೇಲೆ ಟ್ಯಾಂಕಿನ ಹಳೆಯ ಗಸಿ ಕರಗಿ ಬರುವುದರಿಂದ ಫಿಲ್ಟರ್ ಬೇಗ ಬೇಗ ಬದಲಿಸಬೇಕಾಗುತ್ತದೆ.

ನಮ್ಮ ಅಂಗಳದಲ್ಲೂ ಅದೇ

‘ನಮ್ಮ ಹತ್ರ ಎಂ.ಜಿ. ಎಲ್ಲೈತ್ರಿ’ ಎಂದು ಈ ಪುಟ ಮಡಿಚಿಡುವ ಮೊದಲು ಒಮ್ಮೆ ನಿಮ್ಮ ಅಂಗಳ ನೋಡಿ. ಅಪ್ಪನ ಕಾಲದ ಬುಲೆಟ್, ಮೂಲೆಯಲ್ಲಿ ನಿಂತ ಚೇತಕ್, ಹೊಲದ ಪೆಟ್ರೋಲ್ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಪವರ್ ಸ್ಪ್ರೇಯರ್. ಇವೆಲ್ಲವೂ ಕಾರ್ಬುರೇಟರ್ ಮೇಲೆಯೇ ನಡೆಯುವಂಥವು. ಬಿ.ಎಸ್.-6 ನಿಯಮ 2020ರ ಏಪ್ರಿಲ್‌ನಲ್ಲಿ ಬರುವವರೆಗೆ ಮಾರಾಟವಾದ ಬೈಕುಗಳಲ್ಲಿ ಹೆಚ್ಚಿನವೂ ಹಾಗೆಯೇ. ಹಂಗಾಮು ಮುಗಿದ ಮೇಲೆ ಪೆಟ್ರೋಲ್ ತುಂಬಿಸಿಟ್ಟು ಮರೆತ ಸ್ಪ್ರೇಯರ್ ಮುಂದಿನ ವರ್ಷ ಸ್ಟಾರ್ಟ್ ಆಗದಿದ್ದರೆ ಕಾರಣ ಮೇಲೆ ಹೇಳಿದ್ದೇ. ಬಟ್ಟಲು ಖಾಲಿ ಮಾಡಿಡುವುದು, ಪೈಪು ಬದಲಿಸುವುದು, ಮಿಕ್ಸ್ಚರ್ ತುಸು ಹೆಚ್ಚಿಸುವುದು, ಈ ಮೂರು ಉಪಾಯ ಎಂ.ಜಿ.ಗೂ ಒಂದೇ, ಸ್ಪ್ರೇಯರಿಗೂ ಒಂದೇ.

ಇಂಧನ ಬದಲಾದಾಗ ಹಳೆಯ ಗಾಡಿ ಹೊಂದಿಕೊಂಡಿದ್ದು ಇದೇ ಮೊದಲೂ ಅಲ್ಲ. 2000ದ ಫೆಬ್ರವರಿಯಲ್ಲಿ ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ ಬಂದಾಯಿತು. ಹಳೆಯ ಎಂಜಿನ್ನಿನ ವಾಲ್ವ್ ಸೀಟು ಉಳಿಯುವುದಿಲ್ಲ ಎಂದು ಆಗಲೂ ಹೆದರಿದವರಿದ್ದರು. ಗಟ್ಟಿ ಸೀಟು ಕೂಡಿಸಿ ಓಡಿಸಿದರು, ಗಾಡಿಗಳು ಉಳಿದವು. ಈ ಸಲವೂ ಉಳಿಯುತ್ತವೆ. ಕಬ್ಬು ಬೆಳೆಯುವವನಿಗೆ ಇಥೆನಾಲ್ ಬೇಕು, ಕಾರಿನ ಮಾಲೀಕನಿಗೆ ಪೆಟ್ರೋಲ್ ಬೇಕು. ಇಬ್ಬರ ನಡುವಿನ ಜಗಳ ಬಿಡಿಸಲು ಬೇಕಾದದ್ದು ಒಂದು ಗಜ ಒಳ್ಳೆಯ ಪೈಪು, ಎರಡು ಹೊಸ ಸೂಜಿ, ಮತ್ತು ನಟ್ಟನ್ನು ಯಾವ ಕಡೆ ಎಷ್ಟು ತಿರುಗಿಸಬೇಕೆಂದು ಬಲ್ಲ ಒಬ್ಬ ಮಿಸ್ತ್ರಿ. ಪೈಪು, ಸೂಜಿ ದುಡ್ಡು ಕೊಟ್ಟರೆ ಸಿಗುತ್ತವೆ. ಆ ಮಿಸ್ತ್ರಿಯ ಕೈಕೆಳಗೆ ಇಂದೇ ಒಬ್ಬ ಹುಡುಗ ಕಲಿಯಲು ನಿಲ್ಲಬೇಕು.